ಹಿತ್ತಲಿಗೆ ಬೀಜ ಎಲ್ಲಿಂದ? ಮಸಾಲೆ ಡಬ್ಬಿ, ಸಂತೆ, ಪಕ್ಕದ ಮನೆ, ಪ್ಯಾಕೆಟ್, ನರ್ಸರಿ

ಮನೆ ಹಿಂದೆ ಹತ್ತಡಿ ಜಾಗ ಇದೆ, ಇಲ್ಲವೇ ತಾರಸಿ ಮೇಲೆ ನಾಲ್ಕೈದು ಬಕೆಟ್ ಇಡಬಹುದು. ಏನಾದರೂ ತರಕಾರಿ ಹಾಕೋಣ ಎಂದು ಹೊರಟವರಿಗೆ ಕೋಲಾರದಲ್ಲಿ ಬೀಜಕ್ಕೆ ಬರಗಾಲವಿಲ್ಲ. ಅಡುಗೆಮನೆಯ ಡಬ್ಬಿಯಲ್ಲೇ ಕೊತ್ತಂಬರಿ, ಮೆಂತ್ಯ, ಸಾಸಿವೆ ಇರುತ್ತವೆ. ಸಂತೆಯಲ್ಲಿ ಹಣ್ಣಾದ ಕುಂಬಳ, ಒಣ ಅವರೆಕಾಳು ಸಿಗುತ್ತವೆ. ಹಳ್ಳಿಯ ನೆಂಟರ ಮನೆಯ ಸೂರಿನಲ್ಲಿ ಹೀರೇಕಾಯಿ ಒಣಗುತ್ತಿರುತ್ತದೆ. ಗೊಬ್ಬರದ ಅಂಗಡಿಯಲ್ಲಿ ಬಣ್ಣಬಣ್ಣದ ಪ್ಯಾಕೆಟ್‌ಗಳು. ಊರ ಹೊರಗೆ ಹೋದರೆ ನೆರಳುಪರದೆ ಹಾಕಿದ ನರ್ಸರಿಗಳಲ್ಲಿ ಟ್ರೇಗಟ್ಟಲೆ ಸಸಿ.

ಇದರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ನಾಟಿ ಬೀಜದ ಪಕ್ಷದವರು ಪ್ಯಾಕೆಟ್ ಮುಟ್ಟಲೇಬೇಡಿ ಅನ್ನುತ್ತಾರೆ. ಟೊಮೆಟೊ ಬೆಳೆದು ಬದುಕುವ ರೈತರು ಮನೆ ಬೀಜ ನಂಬಿಕೊಂಡರೆ ಕೆಟ್ಟೆವು ಅನ್ನುತ್ತಾರೆ. ಅವರವರ ಬೆಳೆಗೆ ಅವರವರ ಮಾತು ಸರಿಯೇ. ತಪ್ಪುವುದು ಎಲ್ಲಿ ಎಂದರೆ, ಎಲ್ಲ ತರಕಾರಿಗೂ ಒಂದೇ ಕಡೆಯಿಂದ ಬೀಜ ತರಲು ಹೊರಟಾಗ. ಬೆಳೆಗೊಂದು ಮೂಲ ಎಂದು ಆರಿಸಿಕೊಂಡರೆ ಗೊಂದಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಆರಿಸುವಾಗ ನಾನು ಕೇಳಿಕೊಳ್ಳುವುದು ಮೂರು ಪ್ರಶ್ನೆ. ಮೊದಲನೆಯದು, ನಾವು ತಿನ್ನುವ ಹೊತ್ತಿಗೆ ಅದರ ಬೀಜ ಬಲಿತಿರುತ್ತದೆಯೇ? ಟೊಮೆಟೊ, ಸಿಹಿಗುಂಬಳ, ಪರಂಗಿಯನ್ನು ಹಣ್ಣು ಮಾಡಿಯೇ ತಿನ್ನುತ್ತೇವೆ, ಬೀಜ ತಯಾರಾಗಿರುತ್ತದೆ. ಬೆಂಡೆ, ಹೀರೆ, ಸೌತೆ, ಬದನೆ, ಹುರುಳಿಕಾಯಿಯನ್ನು ಎಳಸಿನಲ್ಲೇ ಕೊಯ್ಯುತ್ತೇವೆ. ಅಂಗಡಿಯಿಂದ ತಂದ ಎಳೆ ಬೆಂಡೆಯ ಬೀಜವನ್ನು ಎಷ್ಟು ಒಣಗಿಸಿದರೂ ಮೊಳೆಯುವುದಿಲ್ಲ. ಎರಡನೆಯದು, ಪಕ್ಕದ ಗಿಡದ ಪರಾಗ ಬಿದ್ದು ತಳಿ ಬೆರೆಯುತ್ತದೆಯೇ? ಮೂರನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಅದೇ ಮುಖ್ಯ: ಬೀಜ ಕೈಕೊಟ್ಟರೆ ನಮಗೆ ಎಷ್ಟು ದಿನ ನಷ್ಟ? ಮೆಂತ್ಯ ಮೊಳೆಯದಿದ್ದರೆ ವಾರದಲ್ಲಿ ಗೊತ್ತಾಗುತ್ತದೆ, ಮತ್ತೆ ಚೆಲ್ಲಿದರಾಯಿತು. ಬದನೆ ಗಿಡ ಕಾಯಿ ಬಿಟ್ಟಮೇಲೆ ಕಾಯಿ ಸರಿಯಿಲ್ಲ ಎಂದು ಗೊತ್ತಾದರೆ ಮೂರು ತಿಂಗಳು ನೀರು ಹಾಕಿದ್ದು ಹಾಳು.

ಟೊಮೆಟೊ ಊರಿನಲ್ಲಿ ಟೊಮೆಟೊ

ಹೊಸದಾಗಿ ಕೈತೋಟ ಮಾಡುವವರೆಲ್ಲ ಟೊಮೆಟೊದಿಂದಲೇ ಶುರು ಮಾಡುತ್ತಾರೆ. ಬೇರೆ ಊರಿನ ಮಾತು ಬಿಡಿ, ಕೋಲಾರದಲ್ಲಿ ಇದು ಕೊನೆಗೆ ಹಾಕಬೇಕಾದ ಗಿಡ ಎಂಬುದು ನನ್ನ ಅಭಿಪ್ರಾಯ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ನಮ್ಮ ಎಪಿಎಂಸಿ. 2023ರ ಜುಲೈಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು, ನಿಜ. ಆದರೆ ಅಂಥ ವರ್ಷ ಅಪರೂಪ. ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ರೋಗದ್ದು. ಊರ ಸುತ್ತ ವರ್ಷಪೂರ್ತಿ ಟೊಮೆಟೊ ಇರುವುದರಿಂದ ಬಿಳಿನೊಣಕ್ಕೆ ಬಿಡುವೇ ಇಲ್ಲ. ಅದು ಹೊತ್ತು ತರುವ ಎಲೆ ಮುದುಡು ರೋಗ ನಿಮ್ಮ ಹಿತ್ತಲಿನ ನಾಲ್ಕು ಗಿಡವನ್ನು ಬಿಡುವುದಿಲ್ಲ. ಬೇಸಿಗೆಯಲ್ಲಂತೂ ಕೇಳುವುದೇ ಬೇಡ.

ಆದರೂ ಬೆಳೆಯಲೇಬೇಕು ಅನ್ನುವವರಿಗೆ ಹೋಲಿಕೆ ಹೀಗಿದೆ. ತರಕಾರಿ ಬುಟ್ಟಿಯ ಹಣ್ಣಿನಿಂದಲೇ ಬೀಜ ತೆಗೆಯಬಹುದು, ಖರ್ಚಿಲ್ಲ. ಉದ್ದುದ್ದ, ಗಟ್ಟಿ ಸಿಪ್ಪೆಯ ಫಾರಂ ಟೊಮೆಟೊ ಬಹುಪಾಲು ಹೈಬ್ರಿಡ್. ಹೈಬ್ರಿಡ್ ಬೀಜ ಮೊಳೆಯುವುದೇ ಇಲ್ಲ ಎಂಬ ಮಾತು ಚಾಲ್ತಿಯಲ್ಲಿದೆ, ಅದು ಸುಳ್ಳು. ಚೆನ್ನಾಗಿಯೇ ಮೊಳೆಯುತ್ತದೆ. ಆದರೆ ಎರಡು ತಳಿ ಸೇರಿಸಿ ಮಾಡಿದ ಮೊದಲ ಪೀಳಿಗೆಯ ಗುಣ ಎರಡನೆಯದರಲ್ಲಿ ಚದುರಿಹೋಗುತ್ತದೆ. ಹತ್ತು ಗಿಡದಲ್ಲಿ ಒಂದು ಅಮ್ಮನ ಹಾಗೆ, ಒಂದು ಅಜ್ಜಿಯ ಹಾಗೆ, ಒಂದು ಯಾರ ಹಾಗೂ ಅಲ್ಲದೆ ಬರುತ್ತದೆ. ರೋಗ ತಡೆಯುವ ಗುಣವೂ ಎಲ್ಲದರಲ್ಲಿ ಉಳಿಯುವುದಿಲ್ಲ. ಎಕರೆಗಟ್ಟಲೆ ಬೆಳೆಯುವವನಿಗೆ ಇದು ದಿವಾಳಿ, ಸಾರಿಗೆ ಎರಡು ಹಣ್ಣು ಬೇಕಾದವರಿಗೆ ಏನೂ ಕಷ್ಟವಿಲ್ಲ.

ದುಂಡಗೆ, ಚಪ್ಪಟೆಯಾಗಿ, ಗೀರುಗೀರಾಗಿ ಹುಳಿ ಇರುವ ಹಣ್ಣು ಸಿಕ್ಕರೆ ಅದರಿಂದ ಬೀಜ ತೆಗೆಯುವುದು ಹೆಚ್ಚು ಲಾಭ. ಹಾಗೆಂದು ತಳ್ಳುಗಾಡಿಯವನು ನಾಟಿ ಎಂದು ಕೂಗಿದ್ದೆಲ್ಲ ಹಳೆಯ ತಳಿಯೇ ಎಂದು ನಂಬಬೇಡಿ, ಆ ಆಕಾರದಲ್ಲೂ ಹೈಬ್ರಿಡ್ ಬಂದಿವೆ. ಒಮ್ಮೆ ಬೆಳೆದು ನೋಡಿದರೆ ಗೊತ್ತಾಗುತ್ತದೆ: ಎಲ್ಲ ಗಿಡದ ಹಣ್ಣೂ ಒಂದೇ ತೆರ ಬಂದರೆ ಅದು ನಿಂತ ತಳಿ, ಬೀಜ ಇಟ್ಟುಕೊಳ್ಳಬಹುದು. ಟೊಮೆಟೊ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಪಕ್ಕದಲ್ಲಿ ಬೇರೆ ತಳಿ ಇದ್ದರೂ ಬೆರೆಯುವ ಭಯ ಕಡಿಮೆ.

ಬೀಜ ತೆಗೆಯುವ ಕೆಲಸದಲ್ಲಿ ಒಂದು ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಟೊಮೆಟೊ ಬೀಜದ ಸುತ್ತ ಲೋಳೆ ಇರುತ್ತದಲ್ಲ, ಹಣ್ಣಿನೊಳಗೇ ಬೀಜ ಮೊಳೆಯದಂತೆ ತಡೆಯುವುದು ಅದೇ. ಚೆನ್ನಾಗಿ ಕಳಿತ, ಒತ್ತಿದರೆ ಮೆತ್ತಗಾಗುವ ಹಣ್ಣನ್ನು ಅಡ್ಡಕ್ಕೆ ಕೊಯ್ದು ಲೋಳೆ ಸಮೇತ ಬೀಜವನ್ನು ಲೋಟಕ್ಕೆ ಹಿಂಡಿ, ಎರಡು ಚಮಚ ನೀರು ಹಾಕಿ, ಮೇಲೊಂದು ಬಟ್ಟೆ ಮುಚ್ಚಿ ಮೂಲೆಯಲ್ಲಿಡಿ. ಏಪ್ರಿಲ್‌ ಬಿಸಿಗೆ ಒಂದೇ ದಿನಕ್ಕೆ ಹುಳಿವಾಸನೆ ಬಂದು ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಡಿಸೆಂಬರ್‌ ಚಳಿಯಲ್ಲಿ ಮೂರು ದಿನವೂ ಆಗಬಹುದು. ಪೊರೆ ಕಂಡ ಕೂಡಲೇ ನೀರು ತುಂಬಿಸಿ ಕಲಕಿದರೆ ಜೊಳ್ಳು, ಸಿಪ್ಪೆ ಮೇಲೆ ತೇಲುತ್ತವೆ, ಗಟ್ಟಿ ಬೀಜ ತಳ ಸೇರುತ್ತದೆ. ತೇಲಿದ್ದನ್ನು ಚೆಲ್ಲಿ, ಮತ್ತೆ ನೀರು ಹಾಕಿ, ತಿಳಿಯಾಗುವವರೆಗೆ ತೊಳೆಯಿರಿ. ಇನ್ನೂ ಒಂದು ದಿನ ಬಿಟ್ಟರೆ ಲೋಟದಲ್ಲೇ ಮೊಳಕೆ ಬರುತ್ತದೆ. ಒಣಗಿಸಲು ಸ್ಟೀಲ್ ತಟ್ಟೆ ಒಳ್ಳೆಯದು, ಪೇಪರ್‌ಗೆ ಹಾಕಿದರೆ ಅಂಟಿಕೊಂಡು ಬಿಡಿಸಲಾಗುವುದಿಲ್ಲ. ಒಣಗಿದ ಬೀಜದ ಮೈಮೇಲೆ ಸಣ್ಣ ಬೂದು ರೋಮ ಕಾಣಿಸುತ್ತದೆ, ಬೆರಳಲ್ಲಿ ಉಜ್ಜಿದರೆ ಒಂದಕ್ಕೊಂದು ಬಿಡಿಬಿಡಿಯಾಗಿ ಉದುರುತ್ತದೆ.

ಪ್ಯಾಕೆಟ್ಟೇ ಬೇಕೆಂದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳನ್ನು ಕೇಳಿ. ಅರ್ಕಾ ವಿಕಾಸ್ ನಿಂತ ತಳಿ, ನೀರು ಸ್ವಲ್ಪ ಕಡಿಮೆಯಾದರೂ ತಡೆದುಕೊಳ್ಳುತ್ತದೆ, ಬೀಜ ಇಟ್ಟುಕೊಳ್ಳಬಹುದು. ಅರ್ಕಾ ರಕ್ಷಕ್ ಹೈಬ್ರಿಡ್. ಎಲೆ ಮುದುಡು, ಸೊರಗು, ಅಂಗಮಾರಿ ಮೂರನ್ನೂ ತಡೆಯಲೆಂದು ಮಾಡಿದ್ದು, ಆದರೆ ಪ್ರತಿ ಸಲ ಹೊಸ ಬೀಜ ಕೊಳ್ಳಬೇಕು. ನಮ್ಮ ಊರಿನ ಬಿಳಿನೊಣದ ಕಾಟ ನೋಡಿದರೆ ಟೊಮೆಟೊ ಒಂದರ ವಿಷಯದಲ್ಲಿ ನಾನು ಹೈಬ್ರಿಡ್‌ ಪರ. ಅದನ್ನೂ ಪ್ಯಾಕೆಟ್‌ನಲ್ಲಿ ತರುವುದಕ್ಕಿಂತ ನರ್ಸರಿಯಿಂದ ನಾಲ್ಕು ಸಸಿ ತರುವುದು ವಾಸಿ. ಅದರ ಮಾತು ಮುಂದೆ ಬರುತ್ತದೆ.

ಸೊಪ್ಪಿಗೆ ಡಬ್ಬಿ ಸಾಕು

ಸೊಪ್ಪಿಗೆ ದುಡ್ಡು ಕೊಟ್ಟು ಬೀಜ ಕೊಳ್ಳುವುದು ದಂಡ. ಮೆಂತ್ಯ ಮಸಾಲೆ ಡಬ್ಬಿಯಿಂದಲೇ ತೆಗೆದು ರಾತ್ರಿ ನೆನೆಸಿ ಚೆಲ್ಲಿದರೆ ಮೂರು ನಾಲ್ಕು ದಿನಕ್ಕೆ ಹಸಿರು ಕಾಣುತ್ತದೆ. ಸಾಸಿವೆಯೂ ಹಾಗೆಯೇ.

ಕೊತ್ತಂಬರಿ ಮಾತ್ರ ಸ್ವಲ್ಪ ಹಟಮಾರಿ. ನಾವು ಬೀಜ ಎಂದುಕೊಳ್ಳುವ ಆ ದುಂಡು ಕಾಳು ನಿಜಕ್ಕೂ ಒಂದು ಕಾಯಿ, ಒಳಗೆ ಎರಡು ಬೀಜ ಇರುತ್ತವೆ. ಒಂದು ಹಿಡಿಯನ್ನು ನೆಲದ ಮೇಲೆ ಹರಡಿ ಚಪ್ಪಲಿ ಅಥವಾ ಮರದ ಹಲಗೆಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಬೇಕು. ಜಜ್ಜಿ ಪುಡಿ ಮಾಡಬಾರದು. ಮೊಳೆಯಲು ಎಂಟು ದಿನದಿಂದ ಎರಡು ವಾರ ಹಿಡಿಯುತ್ತದೆ, ಐದನೆಯ ದಿನಕ್ಕೇ ಬೀಜ ಸತ್ತಿದೆ ಎಂದು ಮಣ್ಣು ಕೆದಕಬೇಡಿ. ಅಂಗಡಿಯಲ್ಲಿ ಆರಿಸುವಾಗ ಸ್ವಲ್ಪ ಹಸಿರು ಛಾಯೆ ಇರುವ, ಮೂಸಿದರೆ ಘಂ ಎನ್ನುವ ಧನಿಯಾ ಹೊಸದು. ಕಂದು ತಿರುಗಿ ವಾಸನೆ ಸತ್ತಿದ್ದು ಸಾರಿನ ಪುಡಿಗೆ ಇರಲಿ. ಮಾರ್ಚ್‌ನಿಂದ ಮೇವರೆಗೆ ಹಾಕಿದರೆ ನಾಲ್ಕು ಎಲೆ ಬರುವಷ್ಟರಲ್ಲಿ ಹೂವಿಗೆ ಹೋಗುತ್ತದೆ. ಅದು ಬೀಜದ ತಪ್ಪಲ್ಲ, ಬಿಸಿಲಿನದು.

ದಂಟು, ಅರಿವೆ, ಕೀರೆ ಸೊಪ್ಪಿನ ಬೀಜ ಡಬ್ಬಿಯಲ್ಲಿ ಇರುವುದಿಲ್ಲ. ಸೊಪ್ಪು ಮಾರುವ ಅಜ್ಜಿಯ ಹತ್ತಿರ ಬಲಿತು ತೆನೆ ಬಿಟ್ಟ ದಂಟು ಇರುತ್ತದೆ, ಯಾರೂ ಕೊಳ್ಳದೆ ಪಕ್ಕಕ್ಕಿಟ್ಟಿರುತ್ತಾರೆ. ತೆನೆಯನ್ನು ಅಂಗೈಯಲ್ಲಿ ತಿಕ್ಕಿದಾಗ ಹೊಳೆಯುವ ಕಪ್ಪು ಬೀಜ ಉದುರಿದರೆ ಅದು ನಿಮಗೆ ಬೇಕಾದದ್ದು, ಕೇಳಿದರೆ ಸುಮ್ಮನೆ ಕೊಡುತ್ತಾರೆ. ಅರಿವೆ ಜಾತಿಗಳು ಗಾಳಿಯಲ್ಲಿ ಬೆರೆಯುತ್ತವೆ, ಕೆಂಪು ದಂಟು ಹಸಿರು ದಂಟು ಅಕ್ಕಪಕ್ಕ ಬೆಳೆದು ಬೀಜ ಇಟ್ಟರೆ ಮುಂದಿನ ಸಲ ಎರಡರ ನಡುವಿನದು ಬರುತ್ತದೆ. ಬಸ್ಸಾರಿಗೆ ಅದರಿಂದೇನೂ ಕೊರತೆಯಿಲ್ಲ.

ಇನ್ನು ಕೆಲವಕ್ಕೆ ಬೀಜವೇ ಬೇಡ. ಪುದೀನ ಕಟ್ಟಿನಿಂದ ಎಲೆ ಬಿಡಿಸಿ ಉಳಿದ ಕಡ್ಡಿಯನ್ನು ಲೋಟದ ನೀರಿನಲ್ಲಿಟ್ಟರೆ ವಾರದಲ್ಲಿ ಬೇರು. ಬಸಳೆ, ಹೊನಗೊನೆ, ದೊಡ್ಡಪತ್ರೆ ಎಲ್ಲ ಕಡ್ಡಿಯಿಂದ ಬರುತ್ತವೆ. ನುಗ್ಗೆಯ ಮೊಳಕೈ ಗಾತ್ರದ ಕೊಂಬೆ ನೆಟ್ಟರೆ ಸಾಕು. ತೊಂಡೆಯನ್ನಂತೂ ಬೀಜದಿಂದ ಬೆಳೆಸಲೇಬಾರದು. ಅದರಲ್ಲಿ ಗಂಡು ಬಳ್ಳಿ ಹೆಣ್ಣು ಬಳ್ಳಿ ಬೇರೆಬೇರೆ, ಬೀಜ ಹಾಕಿದರೆ ಅರ್ಧದಷ್ಟು ಗಂಡೇ ಬಂದು ಕಾಯಿ ಬಿಡದೆ ಬೇಲಿ ತುಂಬುತ್ತವೆ. ಕಾಯಿ ಬಿಡುತ್ತಿರುವ ಬಳ್ಳಿಯ ಪೆನ್ಸಿಲ್ ದಪ್ಪದ ತುಂಡು ತಂದು ನೆಡಿ.

ಮಳೆ ಬಿದ್ದಮೇಲೆ ಪಾತಿಯಲ್ಲಿ ತಾನಾಗಿ ಹುಟ್ಟುವ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆಯನ್ನು ಕಳೆ ಎಂದು ಕಿತ್ತೆಸೆಯಬೇಡಿ. ಬೆರಕೆ ಸೊಪ್ಪಿನ ರುಚಿ ಗೊತ್ತಿರುವ ಮನೆಯಲ್ಲಿ ಇದನ್ನು ಹೇಳಬೇಕಾಗಿಯೂ ಇಲ್ಲ.

ಅವರೆ: ಇದಕ್ಕೆ ನೆಂಟರ ಮನೆಯೇ ಸರಿ, ಒಂದು ಷರತ್ತಿನ ಮೇಲೆ

ಅವರೆ, ಅಲಸಂದೆ, ತೊಗರಿ ಈ ಮೂರಕ್ಕೂ ಮನೆ ಬೀಜದಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಕಾಯಿ ಗಿಡದಲ್ಲೇ ಒಣಗಲಿ, ಬಿಡಿಸಿ ಇಟ್ಟುಕೊಳ್ಳಿ, ಅಷ್ಟೇ. ತೊಗರಿ ಹೂವಿಗೆ ಜೇನು ಹೆಚ್ಚು ಬರುವುದರಿಂದ ಅದು ಸ್ವಲ್ಪ ಬೆರೆಯುತ್ತದೆ, ಅಲಸಂದೆ ಹೆಚ್ಚುಕಡಿಮೆ ಶುದ್ಧವಾಗಿಯೇ ಉಳಿಯುತ್ತದೆ. ದಿನಸಿ ಅಂಗಡಿಯ ಇಡೀ ಅಲಸಂದೆ ಕಾಳೂ ಮೊಳೆಯುತ್ತದೆ, ಬೇಳೆ ಮಾತ್ರ ಮೊಳೆಯುವುದಿಲ್ಲ. ಆದರೆ ಅಂಗಡಿ ಕಾಳು ಯಾವ ಊರಿನದೋ, ಬಳ್ಳಿಯೋ ಗಿಡವೋ ಹೇಳಲು ಬರುವುದಿಲ್ಲ. ಹಳ್ಳಿಯಿಂದ ತಂದದ್ದಾದರೆ ಕೊಟ್ಟವರೇ ಹೇಳುತ್ತಾರೆ: ಇದಕ್ಕೆ ಚಪ್ಪರ ಬೇಕು, ಇದು ಯುಗಾದಿ ಹೊತ್ತಿಗೆ ಮುಗಿಯುತ್ತದೆ, ಇದರ ಸೊಗಡು ಚೆನ್ನ. ಆ ಮಾಹಿತಿ ಪ್ಯಾಕೆಟ್‌ ಹಿಂದೆ ಸಿಗುವುದಿಲ್ಲ.

ಷರತ್ತು ಏನೆಂದರೆ ಕಾಲ. ನಮ್ಮ ಕಡೆಯ ಹಳೆಯ ಅವರೆ ಹಗಲಿನ ಉದ್ದ ನೋಡಿ ಹೂ ಬಿಡುವ ಜಾತಿ. ರಾಗಿ ಹೊಲದ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಮುಂಗಾರಿಗೆ ಬಿತ್ತಿದ್ದು ಹಗಲು ಕಿರಿದಾದಮೇಲೆ ಹೂವಾಗಿ, ಡಿಸೆಂಬರ್, ಜನವರಿಗೆ ಕಾಯಿ ಕೊಡುತ್ತದೆ. ಹಿತಕಿದ ಬೇಳೆಯ ಕಾಲವೂ ಅದೇ. ಅದೇ ಬೀಜವನ್ನು ಫೆಬ್ರವರಿಯಲ್ಲಿ ಹಿತ್ತಲಿಗೆ ಹಾಕಿದರೆ ಬಳ್ಳಿ ಮನೆ ಮೇಲೆ ಹತ್ತುತ್ತದೆ, ಹೂವು ಕಾಣುವುದಿಲ್ಲ. ಬೀಜ ಕೊಟ್ಟವರನ್ನು ಬೈದು ಪ್ರಯೋಜನವಿಲ್ಲ.

ಬೇರೆ ಕಾಲದಲ್ಲೂ ಅವರೆ ಬೇಕೆಂದರೆ ಪ್ಯಾಕೆಟ್‌ ಕಡೆ ಹೋಗಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4 ಗಿಡ್ಡ ತಳಿಗಳು, ಹಗಲಿನ ಉದ್ದದ ಹಂಗಿಲ್ಲದೆ ಮೂರು ತಿಂಗಳ ಆಸುಪಾಸಿನಲ್ಲಿ ಕಾಯಿ ಕೊಡುತ್ತವೆ. ಹೆಸರಘಟ್ಟದ ಅರ್ಕಾ ಜಯ್ ಕೂಡ ಅಂಥದ್ದೇ. ಚಪ್ಪರ ಬೇಡ, ಬಕೆಟ್‌ನಲ್ಲೂ ಬರುತ್ತವೆ. ಸೊಗಡಿನ ವಿಷಯದಲ್ಲಿ ಊರ ಅವರೆಗೆ ಸಮ ಎಂದು ನಾನಂತೂ ಒಪ್ಪುವುದಿಲ್ಲ, ಆದರೆ ತಾರಸಿಯವರಿಗೆ ಬೇರೆ ದಾರಿಯೂ ಇಲ್ಲ. ಇವು ಹೈಬ್ರಿಡ್ ಅಲ್ಲ, ಒಮ್ಮೆ ಕೊಂಡರೆ ಮುಂದೆ ಮನೆಯದೇ ಬೀಜ.

ಕಾಳು ಇಡುವಾಗ ಹುಳುವಿನ ಲೆಕ್ಕ ಇರಲಿ. ಕಾಳು ಕೊರೆಯುವ ಹುಳು ಹೊಲದಲ್ಲೇ ಕಾಯಿ ಮೇಲೆ ಮೊಟ್ಟೆ ಇಟ್ಟಿರುತ್ತದೆ, ಡಬ್ಬಿ ಮುಚ್ಚಿದಮೇಲೆ ಒಳಗೆ ಹೊರಬರುತ್ತದೆ. ಹಳ್ಳಿಗಳಲ್ಲಿ ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಇಡುತ್ತಿದ್ದುದು ಇದಕ್ಕೇ. ಪಟ್ಟಣದಲ್ಲಿ ಒಂದು ಹಿಡಿ ಕಾಳಿಗೆ ನಾಲ್ಕು ಹನಿ ಹರಳೆಣ್ಣೆ ಸವರಿದರೂ ಸಾಕು, ಇಲ್ಲವೇ ಒಲೆಯ ಬೂದಿ ಬೆರೆಸಿಡಿ.

ಬಳ್ಳಿ ತರಕಾರಿ: ಸುಲಭ ಅನ್ನಿಸುತ್ತದೆ, ಎಚ್ಚರ ಬೇಕು

ಸಿಹಿಗುಂಬಳ, ಬೂದುಗುಂಬಳ ಪೂರ್ತಿ ಬಲಿತೇ ಮಾರುಕಟ್ಟೆಗೆ ಬರುತ್ತವೆ. ಸಂತೆಯಲ್ಲಿ ಒಂದು ಹೋಳು ಕೊಂಡು ರುಚಿ ಹಿಡಿಸಿದರೆ ಅದರ ಬೀಜವನ್ನೇ ತೊಳೆದು ಒಣಗಿಸಿ. ಬೀಜ ದಪ್ಪಗೆ ತುಂಬಿರಬೇಕು, ಹಿಸುಕಿದರೆ ಟೊಳ್ಳಾಗಿ ಮಡಿಚಿಕೊಳ್ಳುವುದು ಜೊಳ್ಳು.

ಹೀರೆ, ಸೋರೆ, ಹಾಗಲ, ಪಡವಲ ಹಾಗಲ್ಲ, ನಾವು ತಿನ್ನುವುದು ಎಳೆಯದನ್ನು. ಹಾಗಾಗಿ ಇವಕ್ಕೆ ಅಂಗಡಿಯ ಕಾಯಿ ಉಪಯೋಗವಿಲ್ಲ, ಬೆಳೆಯುವವರಿಂದಲೇ ಕೇಳಿ ತರಬೇಕು, ಇಲ್ಲವೇ ಪ್ಯಾಕೆಟ್. ಬೆಳೆಯುವವರ ಮನೆಯಲ್ಲಿ ಮೊದಲ ಫಲದಲ್ಲೇ ಒಂದು ಒಳ್ಳೆಯ ಕಾಯಿಯನ್ನು ಬಳ್ಳಿಯಲ್ಲೇ ಬಿಟ್ಟಿರುತ್ತಾರೆ. ಹೀರೆಕಾಯಿ ಒಣಗಿ ಕಂದಾಗಿ ಹಗುರವಾದಾಗ ಅಲ್ಲಾಡಿಸಿದರೆ ಒಳಗೆ ಗಲಗಲ ಎನ್ನುತ್ತದೆ. ತುದಿಯ ಮುಚ್ಚಳ ಮುರಿದು ಬಗ್ಗಿಸಿದರೆ ಕಪ್ಪು ಬೀಜ ನಾರಿನ ನಡುವಿನಿಂದ ಜಾರಿ ಬೀಳುತ್ತದೆ, ನಾರು ಪಾತ್ರೆ ಉಜ್ಜಲು. ಬೀಜ ತೆಗೆಯದೆ ಕಾಯಿಯನ್ನೇ ಅಡುಗೆಮನೆ ಸೂರಿಗೆ ತೂಗುಹಾಕುವ ಪದ್ಧತಿ ನನಗೆ ಡಬ್ಬಿಗಿಂತ ಇಷ್ಟ, ಹೊಗೆಗೆ ಹುಳು ಬರುವುದಿಲ್ಲ, ಗಾಳಿಯೂ ಆಡುತ್ತದೆ. ಹಳ್ಳಿಗಳಲ್ಲಿ ಬಳ್ಳಿ ಬೀಜಗಳನ್ನು ಸಗಣಿಯಲ್ಲಿ ಒತ್ತಿ ಗೋಡೆಗೆ ಬಡಿದು ಇಡುವುದೂ ಇತ್ತು. ಬಿತ್ತನೆ ಹೊತ್ತಿಗೆ ಬೆರಣಿಯ ಚೂರಿನ ಸಮೇತ ಗುಣಿಗೆ ಹಾಕುತ್ತಿದ್ದರು.

ಈಗ ಎಚ್ಚರದ ಮಾತು. ಬಳ್ಳಿಗಳಿಗೆ ಪರಾಗ ತರುವುದು ಜೇನು, ಪತಂಗದಂಥ ಕೀಟಗಳು. ಸೋರೆಗೂ ಕುಂಬಳಕ್ಕೂ ಬೆರೆಯುವುದಿಲ್ಲ, ಆದರೆ ಉದ್ದ ಸೋರೆಗೂ ದುಂಡು ಸೋರೆಗೂ, ಸೌತೆಯ ಎರಡು ತಳಿಗೂ ಖಂಡಿತ ಬೆರೆಯುತ್ತದೆ. ಬೆರೆತದ್ದು ಈ ವರ್ಷದ ಕಾಯಿಯಲ್ಲಿ ಕಾಣುವುದಿಲ್ಲ, ತಿರುಳು ತಾಯಿ ಬಳ್ಳಿಯದೇ. ಗೊತ್ತಾಗುವುದು ಆ ಬೀಜ ಹಾಕಿದ ಮುಂದಿನ ವರ್ಷ. ಆಕಾರ ಕೆಟ್ಟರೆ ಪರವಾಗಿಲ್ಲ, ಕಹಿ ಬಂದರೆ ಮಾತ್ರ ಹುಡುಗಾಟವಲ್ಲ. ಸೋರೆ, ಹೀರೆ, ಸೌತೆಯಲ್ಲಿ ಬರುವ ವಿಪರೀತ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಕಹಿ ಸೋರೆ ರಸ ಕುಡಿದು ಪ್ರಾಣ ಕಳೆದುಕೊಂಡವರಿದ್ದಾರೆ. ಬೇಯಿಸಿದರೂ ಅದು ಹೋಗುವುದಿಲ್ಲ. ಮನೆ ಬೀಜದ ಸೋರೆಯನ್ನು ಹೆಚ್ಚುವ ಮುಂಚೆ ಸಾಸಿವೆಯಷ್ಟು ತುಂಡು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಉಗಿದು ಕಾಯಿ ತಿಪ್ಪೆಗೆ, ಆ ಬಳ್ಳಿಯ ಬೀಜವೂ ಬೇಡ.

ತಳಿ ಬೆರೆಯಬಾರದು ಎಂದರೆ ಕೈಯಿಂದಲೇ ಪರಾಗ ಮುಟ್ಟಿಸಬಹುದು. ಸೋರೆಯ ಬಿಳಿ ಹೂವು, ಹೀರೆಯ ಹಳದಿ ಹೂವು ಸಂಜೆ ಅರಳುತ್ತವೆ. ಕುಂಬಳ ಬೆಳಗಿನ ಜಾವಕ್ಕೆ. ಅರಳುವ ಮುಂಚೆ ಒಂದು ಗಂಡು ಮೊಗ್ಗಿಗೂ, ಬುಡದಲ್ಲಿ ಮರಿಕಾಯಿ ಇರುವ ಒಂದು ಹೆಣ್ಣು ಮೊಗ್ಗಿಗೂ ದಾರ ಸುತ್ತಿ ಬಾಯಿ ಕಟ್ಟಿ. ಅರಳುವ ಹೊತ್ತಿಗೆ ಬಿಚ್ಚಿ, ಗಂಡಿನ ಎಸಳು ಕಿತ್ತು ಕೇಸರವನ್ನು ಹೆಣ್ಣಿನ ನಡುವೆ ಸವರಿ, ಮತ್ತೆ ಕಟ್ಟಿ. ಆ ಕಾಯಿ ತೊಟ್ಟಿಗೆ ಒಂದು ಬಣ್ಣದ ದಾರ ಕಟ್ಟದಿದ್ದರೆ ಮನೆಯವರು ಯಾರೋ ಪಲ್ಯಕ್ಕೆ ಕೊಯ್ದಿರುತ್ತಾರೆ.

ಮೆಣಸಿನಕಾಯಿ, ಬದನೆ, ಬೆಂಡೆ

ಒಣಮೆಣಸಿನಕಾಯಿ ಬೀಜ ಮೊಳೆಯುತ್ತದೆ, ಎಲ್ಲವೂ ಅಲ್ಲ. ಬ್ಯಾಡಗಿಯೋ ಗುಂಟೂರೋ ಎಷ್ಟು ದಿನ ಗೋದಾಮಿನಲ್ಲಿತ್ತೋ ತಿಳಿಯದು. ಅದಕ್ಕಿಂತ ಹಸಿಮೆಣಸಿನಕಾಯಿ ರಾಶಿಯಲ್ಲಿ ತಾನಾಗಿ ಕೆಂಪಾದ ನಾಲ್ಕು ಆರಿಸಿ ತಂದು, ಎರಡು ದಿನ ಮಾಗಲು ಬಿಟ್ಟು ಬೀಜ ತೆಗೆಯಿರಿ. ಬರಿಗೈಯಲ್ಲಿ ಬಿಡಿಸಿ ಕಣ್ಣು ಮುಟ್ಟಬೇಡಿ. ಮೆಣಸಿನ ಗಿಡ ಜೇನಿನಿಂದ ಸಾಕಷ್ಟು ಬೆರೆಯುತ್ತದೆ, ದಪ್ಪ ಮೆಣಸಿನಕಾಯಿ ಪಕ್ಕದಲ್ಲಿ ಖಾರದ್ದು ಇದ್ದರೆ ಮುಂದಿನ ಪೀಳಿಗೆಯ ಬಜ್ಜಿ ಕಣ್ಣೀರು ತರಿಸಬಹುದು.

ಬದನೆಗೆ ಕಾಯಿ ಹಳದಿ ತಿರುಗಿ ಮೆತ್ತಗಾಗುವವರೆಗೆ ಗಿಡದಲ್ಲೇ ಬಿಡಬೇಕು, ಅಂಗಡಿಯಲ್ಲಿ ಅಂಥದ್ದು ಸಿಗುವುದಿಲ್ಲ. ಬದನೆಯ ಊರ ತಳಿ ಸಿಗುವ ಮನೆ ಗೊತ್ತಿದ್ದರೆ ಅಲ್ಲಿಂದ, ಇಲ್ಲದಿದ್ದರೆ ನರ್ಸರಿ ಸಸಿ. ಬೆಂಡೆಗೆ ಪ್ಯಾಕೆಟ್ಟೇ ಇರಲಿ. ಹಳದಿ ನರದ ನಂಜುರೋಗ ಬೀಜದಿಂದಲ್ಲ, ಬಿಳಿನೊಣದಿಂದ ಬರುವಂಥದ್ದು, ತಡೆಯುವ ಗುಣ ಇರುವ ಅರ್ಕಾ ಅನಾಮಿಕದಂಥ ತಳಿಯಿಂದ ಶುರು ಮಾಡಿ ಆಮೇಲೆ ಮನೆಯಲ್ಲೇ ಬೀಜ ಮಾಡಿಕೊಳ್ಳಬಹುದು. ಬೀಜಕ್ಕೆ ಬಿಟ್ಟ ಬೆಂಡೆ ಗಿಡದಲ್ಲೇ ಒಣಗಿ ಏಣಿನ ಉದ್ದಕ್ಕೆ ತಾನಾಗಿ ಬಿರಿಯಬೇಕು.

ಕ್ಯಾರೆಟ್, ಎಲೆಕೋಸು, ಬೀಟ್‌ರೂಟ್‌ನಲ್ಲಿ ಬೀಜ ಉಳಿಸುವ ಮಾತೇ ಇಲ್ಲ. ಹೂವಾಗಲು ಅವುಗಳ ಬಹುಪಾಲು ತಳಿಗಳಿಗೆ ನಮ್ಮ ಬಯಲುಸೀಮೆಯಲ್ಲಿ ಸಿಗದಷ್ಟು ಚಳಿ ಬೇಕು. ಪ್ಯಾಕೆಟ್ ಕೊಳ್ಳಿ, ಇಲ್ಲವೇ ತರಕಾರಿಯನ್ನೇ ಕೊಳ್ಳಿ.

ಪ್ಯಾಕೆಟ್ ಕೊಳ್ಳುವಾಗ

ಚಿತ್ರ ನೋಡಬೇಡಿ, ಹಿಂದೆ ಓದಿ. ಎಫ್1 ಅಥವಾ ಹೈಬ್ರಿಡ್ ಎಂದಿದ್ದರೆ ಬೀಜ ಇಟ್ಟುಕೊಳ್ಳುವ ಆಸೆ ಬಿಡಿ. ಪರೀಕ್ಷೆ ಮಾಡಿದ ದಿನಾಂಕ, ಎಲ್ಲಿಯವರೆಗೆ ಬಳಸಬಹುದು ಎಂಬ ದಿನಾಂಕ, ಮೊಳಕೆ ಪ್ರಮಾಣ ಇರಲೇಬೇಕು. ಮೊಳಕೆ ಟೊಮೆಟೊ, ಬದನೆಗೆ ಕನಿಷ್ಠ 70, ಬೆಂಡೆಗೆ 65, ಮೆಣಸಿನಕಾಯಿಗೂ ಬಳ್ಳಿಗಳಿಗೂ 60 ಶೇಕಡಾ ಎಂಬುದು ನಿಯಮ. ಹಾಗಾಗಿ ಹತ್ತು ಮೆಣಸಿನ ಬೀಜದಲ್ಲಿ ಆರು ಮೊಳೆತರೆ ಮೋಸ ಹೋದೆವು ಎಂದುಕೊಳ್ಳಬೇಕಿಲ್ಲ. ನೀಲಿ ಚೀಟಿ ಇದ್ದರೆ ಅದು ಪ್ರಮಾಣಿತ ಬೀಜ, ತಿಳಿಹಸಿರು ಚೀಟಿ ಎಂದರೆ ಮಾರುವವರೇ ಖಾತ್ರಿ ಕೊಟ್ಟದ್ದು. ಗುಲಾಬಿಯೋ ಹಸಿರೋ ಬಣ್ಣ ಬಳಿದ ಬೀಜಕ್ಕೆ ಔಷಧ ಹಾಕಿರುತ್ತಾರೆ, ಕೈತೊಳೆಯಿರಿ, ಉಳಿದದ್ದನ್ನು ಅಡುಗೆಮನೆಯಲ್ಲಿ ಇಡಬೇಡಿ. ಬಿಸಿಲಿಗೆ ತೂಗುಹಾಕಿದ ಪ್ಯಾಕೆಟ್ ಮಾರುವ ಅಂಗಡಿಯಿಂದ, ದಿನಾಂಕ ಸರಿಯಿದ್ದರೂ, ನಾನು ಕೊಳ್ಳುವುದಿಲ್ಲ.

ಟಮಕದ ತೋಟಗಾರಿಕೆ ಕಾಲೇಜು ಮತ್ತು ಕೃಷಿ ವಿಜ್ಞಾನ ಕೇಂದ್ರದ ಕಡೆ ಹೋದಾಗ ಯಾವ ನಿಂತ ತಳಿಯ ಬೀಜ ಇದೆ ಎಂದು ಕೇಳಿ ನೋಡಿ, ಚಿಂತಾಮಣಿ ಕಡೆಯವರಿಗೆ ಕುರುಬೂರಿನ ಕೇಂದ್ರ ಹತ್ತಿರ. ಹೆಸರಘಟ್ಟದ ಸಂಸ್ಥೆ ಆನ್‌ಲೈನ್‌ನಲ್ಲೂ ಮಾರುತ್ತದೆ. ಊರ ತಳಿಗಳು ಬೇಕೆಂದರೆ ಸಹಜ ಸಮೃದ್ಧ ಸಂಸ್ಥೆಯವರ ದೇಸಿ ಬೀಜ ಮೇಳಗಳಲ್ಲಿ ಒಂದೊಂದು ಹಿಡಿ ಸಿಗುತ್ತದೆ. ಪ್ಯಾಕೆಟ್‌ನಿಂದ ಬೆಳೆದು ಬೀಜ ಉಳಿಸಿಕೊಂಡರೆ ಕಾನೂನಿಗೆ ತಪ್ಪಾ ಎಂದು ಕೆಲವರು ಹೆದರುತ್ತಾರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತರಿಗೆ ಕೊಟ್ಟಿದೆ, ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ ಅಷ್ಟೆ.

ನರ್ಸರಿ ಸಸಿ

ನಮ್ಮ ಜಿಲ್ಲೆಯಲ್ಲಿ ಇದು ಬೇರೆ ಊರಿನವರಿಗಿಲ್ಲದ ಅನುಕೂಲ. ತೆಂಗಿನ ನಾರಿನ ಪುಡಿ ತುಂಬಿದ 98 ಗುಣಿಯ ಟ್ರೇಗಳಲ್ಲಿ ಟೊಮೆಟೊ, ಕ್ಯಾಪ್ಸಿಕಂ, ಕೋಸಿನ ಸಸಿ ತಯಾರಾಗಿರುತ್ತದೆ. ರೈತರು ಸಾವಿರ ಲೆಕ್ಕದಲ್ಲಿ ಒಯ್ಯುತ್ತಾರೆ. ಟ್ರೇ ಒಡೆದು ಹತ್ತು ಕೊಡಲು ಕೆಲವರು ಗೊಣಗುತ್ತಾರೆ, ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಕೇಳಿದರೆ ಕೊಡುತ್ತಾರೆ. ಸುಮಾರು ಒಂದು ತಿಂಗಳ ಆರೈಕೆ ಉಳಿಯುತ್ತದೆ, ಕೈಕೊಡುವ ಅಪಾಯ ಕಡಿಮೆ. ಎಲೆ ತಿರುವಿ ನೋಡಿ, ಬಿಳಿನೊಣ ಹಾರಿದರೆ ಬೇಡ. ಒಂದನ್ನು ಮೆಲ್ಲಗೆ ಎಳೆದು ಬೇರು ನೋಡಿ, ಬೆಳ್ಳಗಿರಬೇಕು, ಕಂದಾಗಿ ಸುತ್ತಿಕೊಂಡಿದ್ದರೆ ಟ್ರೇಯಲ್ಲೇ ಮುದಿಯಾಗಿದೆ. ಟ್ರೇಯಲ್ಲೇ ಹೂ ಬಿಟ್ಟ ಸಸಿಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಬೀನ್ಸ್, ಮೂಲಂಗಿ, ಸೊಪ್ಪು ನೇರ ಬೀಜದಿಂದಲೇ ಚೆನ್ನ, ಅವಕ್ಕೆ ಸಸಿಯ ಗೊಡವೆ ಬೇಡ.

ಇಟ್ಟುಕೊಂಡ ಬೀಜ ಎಷ್ಟು ದಿನ?

ಒಣಗಿಸಲು ನಮಗೆ ಫೆಬ್ರವರಿಯಿಂದ ಮೇವರೆಗಿನ ಗಾಳಿ ಚಿನ್ನದಂಥದ್ದು. ಜುಲೈನಿಂದ ಅಕ್ಟೋಬರ್‌ವರೆಗೆ ತೆಗೆದ ಬೀಜ ಒಳಗೆ ತೇವ ಉಳಿಸಿಕೊಂಡಿರುತ್ತದೆ, ಇನ್ನೊಂದು ವಾರ ನೆರಳಿನಲ್ಲಿ ಬಿಡಿ. ಕುಂಬಳದ ಬೀಜ ಬಗ್ಗಿಸಿದರೆ ಪಟ್ಟನೆ ಮುರಿಯಬೇಕು, ಅವರೆ ಹಲ್ಲಿಗೆ ಸಿಕ್ಕರೆ ಗುರುತು ಬೀಳಬಾರದು. ಬೀಜದೊಳಗಿನ ತೇವ ಒಂದು ಶೇಕಡಾ ಇಳಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಬೀಜ ವಿಜ್ಞಾನದ ಹಳೆಯ ಲೆಕ್ಕ. ಹಾರ್ಲಿಕ್ಸ್ ಬಾಟಲಿಯ ತಳದಲ್ಲಿ ಎರಡು ತುಂಡು ಒಣ ಇದ್ದಿಲು, ಮೇಲೆ ಕಾಗದದ ಪೊಟ್ಟಣದಲ್ಲಿ ಬೀಜ, ಪೊಟ್ಟಣದ ಮೇಲೆ ಹೆಸರು ಮತ್ತು ತಿಂಗಳು. ಪ್ಲಾಸ್ಟಿಕ್ ಕವರ್‌ನಲ್ಲಿ ಅರೆ ಒಣಗಿದ್ದನ್ನು ಕಟ್ಟಿಟ್ಟರೆ ಬೂಷ್ಟು ಗ್ಯಾರಂಟಿ.

ಈರುಳ್ಳಿ ಬೀಜ ವರ್ಷದೊಳಗೆ ಮುಗಿಸಿ. ಬೆಂಡೆ, ಮೆಣಸಿನಕಾಯಿ ಎರಡು ವರ್ಷ, ಕಾಳುಗಳು ಎರಡು ಮೂರು, ಟೊಮೆಟೊ ಮತ್ತು ಬಳ್ಳಿಗಳು ನಾಲ್ಕು ವರ್ಷವೂ ಬರುತ್ತವೆ. ಅನುಮಾನವಿದ್ದರೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಟ್ಟೆಯಲ್ಲಿಟ್ಟು ದಿನಾ ನೀರು ಚಿಮುಕಿಸಿ. ನಾಲ್ಕೈದು ಮೊಳೆತರೆ ಎರಡರಷ್ಟು ಹಾಕಿ, ಎರಡು ಮೂರೇ ಮೊಳೆತರೆ ಬೇರೆ ಬೀಜ ಹುಡುಕಿ.

ಈ ಮುಂಗಾರಿಗೆ ಶುರು ಮಾಡುವವರು ಕೇಳಿದರೆ ನಾನು ಹೇಳುವುದು ಇಷ್ಟು. ಡಬ್ಬಿಯಿಂದ ಮೆಂತ್ಯ, ಕೊತ್ತಂಬರಿ. ಸೊಪ್ಪಿನ ಅಜ್ಜಿಯಿಂದ ದಂಟು. ಹಳ್ಳಿಯಿಂದ ಚಪ್ಪರದ ಅವರೆ ಹತ್ತು ಕಾಳು, ಹೀರೆಯದು ಐದು ಬೀಜ. ಪ್ಯಾಕೆಟ್‌ನಲ್ಲಿ ಬೆಂಡೆ ಒಂದೇ. ನರ್ಸರಿಯಿಂದ ಬದನೆ ಮೂರು, ಮೆಣಸಿನಕಾಯಿ ಮೂರು ಸಸಿ. ಬೇಲಿಗೆ ತೊಂಡೆ ಕಡ್ಡಿ, ಮೂಲೆಗೆ ನುಗ್ಗೆ. ಟೊಮೆಟೊ ಈ ಸಲ ಎಪಿಎಂಸಿ ಗೇಟಿನ ಹತ್ತಿರ ಚಿಲ್ಲರೆ ಮಾರುವವರಿಂದ ಕೊಳ್ಳಿ. ತೀರಾ ಆಸೆಯಿದ್ದರೆ ಬಿಳಿನೊಣ ಸ್ವಲ್ಪ ಇಳಿಯುವ ಚಳಿಗಾಲಕ್ಕೆ ನಾಲ್ಕು ಸಸಿ ತಂದರಾಯಿತು.